ಸೌದೆ ಹೊರುವ ಗಾಡಿ: ಏರುವ ಶಕ್ತಿಗಿಂತ ಇಳಿಯುವ ಹಿಡಿತ ನೋಡಿ

ಮಲೆನಾಡಿನಲ್ಲಿ ಗುಡ್ಡದಿಂದ ಸೌದೆ ತರಲು, ಗೊಬ್ಬರ ಹೊರಲು, ಅಡಿಕೆ ಗೊನೆ ಸಾಗಿಸಲು ಒಂದು ಗಾಡಿ ಬೇಕು ಎಂದು ಹೊರಟವರು ಷೋರೂಮಿನಲ್ಲಿ ಮೊದಲು ಕೇಳುವುದು ಎಷ್ಟು ಎಚ್‌ಪಿ ಎಂದು. ಆಮೇಲೆ ಕೇಳುವುದು ಎಷ್ಟು ಎಳೆಯುತ್ತದೆ ಎಂದು. ಎರಡೂ ಏರಿನ ಪ್ರಶ್ನೆಗಳು. ಆದರೆ ನಮ್ಮ ಕಡೆ ಮನೆ, ಅಂಗಳ, ತೋಟ ಇರುವುದು ಕೆಳಗೆ. ಸೊಪ್ಪಿನ ಬೆಟ್ಟ, ಬ್ಯಾಣ (ಹುಲ್ಲುಗಾವಲು), ಅಕೇಶಿಯಾ ಬೆಳೆದ ಗುಡ್ಡ ಇರುವುದು ಮೇಲೆ. ಗಾಡಿ ಖಾಲಿ ಏರುತ್ತದೆ, ತುಂಬಿಕೊಂಡು ಇಳಿಯುತ್ತದೆ. ಏರುವಾಗ ಶಕ್ತಿ ಸಾಲದೇ ಹೋದರೆ ಗಾಡಿ ನಿಂತುಬಿಡುತ್ತದೆ. ಇಳಿಯುವಾಗ ಹಿಡಿತ ಸಾಲದೇ ಹೋದರೆ ಅದನ್ನು ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಎಚ್‌ಪಿ ಲೆಕ್ಕ ಆಮೇಲೆ ಮಾಡಿದರೂ ನಡೆಯುತ್ತದೆ. ಇಳಿಜಾರಿನ ಲೆಕ್ಕ ಮೊದಲು ಮಾಡಬೇಕು.

ಇಳಿಜಾರಿನ ಲೆಕ್ಕ

ಇಳಿಜಾರಿನಲ್ಲಿ ನಿಂತ ಗಾಡಿಯನ್ನು ಅದರ ತೂಕದ ಒಂದು ಪಾಲು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. 10 ಡಿಗ್ರಿ ಇಳಿಜಾರಿನಲ್ಲಿ ಈ ಪಾಲು ತೂಕದ ಶೇ 17ರಷ್ಟು. 15 ಡಿಗ್ರಿಯಲ್ಲಿ ಶೇ 26. 20 ಡಿಗ್ರಿಗೆ ಹೋದರೆ ಶೇ 34. ಇದನ್ನು ತಡೆದು ಹಿಡಿಯುವುದು ಟೈರು ಮತ್ತು ನೆಲದ ನಡುವಿನ ಹಿಡಿತ ಮಾತ್ರ. ತುಸು ಹಸಿ ಇರುವ ಗಟ್ಟಿ ಮಣ್ಣಿನಲ್ಲಿ ಆ ಹಿಡಿತ ತೂಕದ ಅರ್ಧದಷ್ಟು ಎಂದು ಇಟ್ಟುಕೊಳ್ಳೋಣ. ಒಣ ಜಂಬಿಟ್ಟಿಗೆ ನೆಲದಲ್ಲಿ ಇನ್ನೂ ಜಾಸ್ತಿ ಇರಬಹುದು. ಮಳೆ ಬಿದ್ದ ಜೇಡಿ ಮಣ್ಣಿನಲ್ಲಿ ಮೂರನೇ ಒಂದು ಭಾಗಕ್ಕೂ ಇಳಿಯುತ್ತದೆ.

ಈಗ ಗಾಡಿಯ ಹಿಂದೆ ಬ್ರೇಕ್ ಇಲ್ಲದ ಒಂದು ಟ್ರೇಲರ್ ಕಟ್ಟಿ. ಟ್ರೇಲರಿನ ಚಕ್ರ ಸುಮ್ನೆ ಉರುಳುತ್ತದೆ, ಏನನ್ನೂ ಹಿಡಿಯುವುದಿಲ್ಲ. ಅದರ ಭಾರವನ್ನೂ ತನ್ನ ಭಾರವನ್ನೂ ಮುಂದಿನ ಗಾಡಿಯ ಟೈರುಗಳೇ ತಡೆಯಬೇಕು. ಈ ಲೆಕ್ಕ ಹಾಕಿದರೆ, 10 ಡಿಗ್ರಿ ಇಳಿಜಾರಿನಲ್ಲಿ ಗಾಡಿ ತನ್ನ ತೂಕದ ಒಂದೂ ಮುಕ್ಕಾಲು ಪಟ್ಟಿನಷ್ಟು ಭಾರದ ಟ್ರೇಲರನ್ನು ಹಿಡಿದು ನಿಲ್ಲಿಸಬಲ್ಲದು. 15 ಡಿಗ್ರಿಗೆ ಬಂದರೆ ತನ್ನ ತೂಕಕ್ಕಿಂತ ಕಡಿಮೆ. 20 ಡಿಗ್ರಿಗೆ ಬಂದರೆ ತನ್ನ ತೂಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಳಿಜಾರು ಎರಡು ಪಟ್ಟಾದರೆ ಹಿಡಿಯುವ ತಾಕತ್ತು ಅರ್ಧ ಆಗುವುದಲ್ಲ, ಐದನೇ ಒಂದಕ್ಕೆ ಬೀಳುತ್ತದೆ. ಇದು ಕಣ್ಣಂದಾಜಿಗೆ ಸಿಗುವ ವಿಷಯವಲ್ಲ. ಅದಕ್ಕೇ ಸಲೀಸು ದಾರಿಯಲ್ಲಿ ಆರಾಮಾಗಿ ಇಳಿದು ಬಂದ ಗಾಡಿ ಒಂದು ಕಡಿದಾದ ತಿರುವಿನಲ್ಲಿ ಇದ್ದಕ್ಕಿದ್ದಂತೆ ಕೈಬಿಡುತ್ತದೆ.

ಇವೆಲ್ಲ ನಾಲ್ಕೂ ಚಕ್ರ ಬ್ರೇಕ್ ಹಿಡಿದಾಗಿನ ಕೊನೆಯ ಮಿತಿಗಳು. ತರಗೆಲೆ, ಉರುಳುಗಲ್ಲು, ಕೊರಕಲು ಎಲ್ಲ ಇರುವ ನಿಜವಾದ ದಾರಿಗೆ ಇದರ ಅರ್ಧ ಇಟ್ಟುಕೊಳ್ಳುವುದು ಕ್ಷೇಮ.

ನಿಮ್ಮ ದಾರಿ ಎಷ್ಟು ಕಡಿದು ಎಂದು ತಿಳಿಯಲು ಹತ್ತು ಅಡಿಯ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಸಾಕು. ಒಂದು ತುದಿಯನ್ನು ಏರಿನ ಕಡೆ ನೆಲಕ್ಕೆ ಊರಿ, ಗಾರೆ ಕೆಲಸದವರ ರಸಮಟ್ಟ ಇಟ್ಟು ದಬ್ಬೆಯನ್ನು ಸಮ ಮಾಡಿ. ಇನ್ನೊಂದು ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಳೆಯಿರಿ. 1 ಅಡಿ 9 ಇಂಚು ಇದ್ದರೆ 10 ಡಿಗ್ರಿ. 2 ಅಡಿ 8 ಇಂಚು ಇದ್ದರೆ 15 ಡಿಗ್ರಿ. 3 ಅಡಿ 8 ಇಂಚು ಬಂದರೆ 20 ಡಿಗ್ರಿ. ಇಡೀ ದಾರಿಯ ಸರಾಸರಿ ಬೇಡ. ಅತಿ ಕಡಿದಾದ ಜಾಗ ಯಾವುದೋ ಅದೇ ನಿಮ್ಮ ಗಾಡಿಯನ್ನು ನಿರ್ಧರಿಸುತ್ತದೆ. ಎಷ್ಟೋ ಸಲ ಆ ಒಂದು ಜಾಗವನ್ನು ಜೆಸಿಬಿ ತಂದು ಸ್ವಲ್ಪ ಬಳಸು ದಾರಿ ಮಾಡಿಸಿದರೆ, ಲಕ್ಷಗಟ್ಟಲೆ ಕೊಟ್ಟು ದೊಡ್ಡ ಗಾಡಿ ಕೊಳ್ಳುವುದು ತಪ್ಪುತ್ತದೆ.

ಸೌದೆಯ ತೂಕವನ್ನೂ ನಾವು ಕಡಿಮೆ ಅಂದಾಜು ಮಾಡುತ್ತೇವೆ. ಈಗಷ್ಟೇ ಕಡಿದ ಅಕೇಶಿಯಾ ಒಂದು ಘನ ಮೀಟರ್ ಗಟ್ಟಿ ಮರ ಸುಮಾರು ಒಂದು ಟನ್ ತೂಗುತ್ತದೆ. ತುಂಡು ಮಾಡಿ ಪೇರಿಸಿದಾಗ ನಡುವೆ ಸಂದಿ ಬೀಳುವುದರಿಂದ ಅದೇ ಅಳತೆಯ ಪೆಟ್ಟಿಗೆಯಲ್ಲಿ 600ರಿಂದ 700 ಕೆಜಿ ಕೂರುತ್ತದೆ. ಒಣಗಿದರೆ ಮೂರನೇ ಒಂದು ಭಾಗದಷ್ಟು ತೂಕ ಹೋಗುತ್ತದೆ. ಜನವರಿಯಲ್ಲಿ ಕಡಿದು, ಸೀಳಿ, ಗುಡ್ಡದ ಮೇಲೆಯೇ ಬಿಸಿಲಿಗೆ ಪೇರಿಸಿಟ್ಟು ಏಪ್ರಿಲ್‌ನಲ್ಲಿ ತಂದರೆ ಮೂರು ಲೋಡಿನ ಕೆಲಸ ಎರಡರಲ್ಲಿ ಮುಗಿಯುತ್ತದೆ. ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಹಂಡೆಗೂ ಒಣ ಸೌದೆಯೇ ಬೇಕು ತಾನೇ.

ಹೊರೆ ಗಾಡಿಯ ಮೇಲೋ, ಹಿಂದೋ

ಈ ವಿಷಯವನ್ನು ಮಾರಾಟಗಾರರು ಹೇಳುವುದೇ ಇಲ್ಲ. ನನಗೆ ಇಡೀ ಆಯ್ಕೆಯಲ್ಲಿ ಅತಿ ಮುಖ್ಯ ಅನಿಸುವುದು ಇದೇ. ಹೊರೆಯನ್ನು ಹಿಂದೆ ಟ್ರೇಲರಿನಲ್ಲಿ ಕಟ್ಟಿದರೆ ಅದು ಗಾಡಿಯನ್ನು ತಳ್ಳುತ್ತದೆ. ಅದೇ ಹೊರೆಯನ್ನು ಗಾಡಿಯ ಮೇಲೆಯೇ ಹೇರಿದರೆ ತಳ್ಳುವ ಭಾರ ಹೆಚ್ಚುವುದರ ಜೊತೆಗೆ ಟೈರಿನ ಮೇಲಿನ ಒತ್ತಡವೂ ಹೆಚ್ಚುತ್ತದೆ, ಹಿಡಿತವೂ ಹೆಚ್ಚುತ್ತದೆ. ಅಂದರೆ ಹೊರೆ ತನ್ನ ಹಿಡಿತವನ್ನು ತಾನೇ ತರುತ್ತದೆ. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಹಳೆ ಜೀಪುಗಳು ಇವತ್ತಿಗೂ ಕಾಫಿ ಚೀಲ, ಗೊಬ್ಬರ, ಸೌದೆ ಹೊತ್ತು ಇಳಿಯುತ್ತಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಟ್ರೇಲರೇ ಬೇಕು ಎಂದಾದರೆ ಅದರ ಚಕ್ರಗಳಿಗೆ ಬ್ರೇಕ್ ಇರಲೇಬೇಕು. ಟ್ರೇಲರ್ ತನ್ನ ಭಾರವನ್ನು ತಾನೇ ಹಿಡಿದುಕೊಂಡರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ಹೆಚ್ಚಿನವರು ಟ್ರೇಲರನ್ನು ಹತ್ತಿರದ ವೆಲ್ಡಿಂಗ್ ಶಾಪಿನಲ್ಲಿ ಅಗ್ಗಕ್ಕೆ ಮಾಡಿಸುತ್ತಾರೆ, ಬ್ರೇಕಿಗೆ ಎಂದರೆ ಮುಂದೆ ನೋಡೋಣ ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಡಿಯಲ್ಲಿ ಇಪ್ಪತ್ತು ಸಾವಿರ ಉಳಿಸಲು ನೋಡಿ, ಟ್ರೇಲರ್ ಬ್ರೇಕಿನಲ್ಲಿ ಉಳಿಸಬೇಡಿ.

ಪೇರಿಸುವ ಕ್ರಮವೂ ಮುಖ್ಯ. ಭಾರದ ಕುಂಟೆಗಳು ತಳದಲ್ಲಿ, ಅಚ್ಚಿನ ಮೇಲೆ, ತುಸು ಮುಂದಕ್ಕೆ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲು ಹಿಚ್ಚಿನ ಮೇಲೆ, ಅಂದರೆ ಗಾಡಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ ಕೂತರೆ ಸರಿ. ಹಿಂದೆ ಭಾರವಾದರೆ ಟ್ರೇಲರಿನ ಮೂತಿ ಮೇಲೆದ್ದು ಎಳೆಯುವ ಗಾಡಿಯ ಹಿಂಚಕ್ರವನ್ನೇ ಹಗುರ ಮಾಡುತ್ತದೆ.

ದಪ್ಪ ಟೈರಿನ ಎಟಿವಿ

ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ ಪ್ರವಾಸಿಗರು ಓಡಿಸುವ, ಬೈಕಿನ ಹಾಗೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿಯೇ ಎಟಿವಿ. ಅಮೆರಿಕದ ರೈತರು ಇದಕ್ಕೆ ಟ್ರೇಲರ್ ಕಟ್ಟಿ ಸೌದೆ ತರುವ ವಿಡಿಯೊ ನೋಡಿ ನಮ್ಮಲ್ಲೂ ಆಸೆ ಹುಟ್ಟಿದೆ. 1970ರಲ್ಲಿ ಹೋಂಡಾ ಮೂರು ಚಕ್ರದ ಮಾದರಿಯನ್ನು ಅಮೆರಿಕದಲ್ಲಿ ಮಾರಲು ಶುರುಮಾಡಿತು. ಅದು ಬೇಗ ಪಲ್ಟಿ ಹೊಡೆಯುತ್ತಿತ್ತು. 1988ರಲ್ಲಿ ಸರ್ಕಾರದ ಜೊತೆ ಆದ ಒಪ್ಪಂದದಂತೆ ಅಲ್ಲಿ ಮೂರು ಚಕ್ರದವುಗಳ ಮಾರಾಟ ನಿಂತಿತು. ಅಷ್ಟರಲ್ಲಿ ಸುಜುಕಿ ನಾಲ್ಕು ಚಕ್ರದ್ದನ್ನು ತಂದಿತ್ತು. ಈಗ ಇರುವುದೆಲ್ಲ ಅದೇ ಬಗೆ.

500 ಸಿಸಿ ಆಸುಪಾಸಿನ ಎಟಿವಿ 300ರಿಂದ 350 ಕೆಜಿ ತೂಗುತ್ತದೆ. ಎಳೆಯುವ ಸಾಮರ್ಥ್ಯ 400ರಿಂದ 600 ಕೆಜಿ ಎಂದು ಕಂಪನಿಗಳು ಬರೆಯುತ್ತವೆ. ಆ ಅಂಕಿ ಸಮತಟ್ಟು ನೆಲಕ್ಕೆ. ನಮ್ಮ ಲೆಕ್ಕಕ್ಕೆ ಹಾಕಿ ನೋಡಿ. ಗಾಡಿ 320 ಕೆಜಿ, ಸವಾರ 70, ಒಟ್ಟು 390. 15 ಡಿಗ್ರಿ ಇಳಿಜಾರಿನಲ್ಲಿ ಇದು ಹಿಡಿಯಬಲ್ಲ ಟ್ರೇಲರ್ ಭಾರದ ಕೊನೆಯ ಮಿತಿ ಸುಮಾರು 335 ಕೆಜಿ. ಕ್ಷೇಮದ ಅರ್ಧ ಎಂದರೆ 170 ಕೆಜಿ ಒಳಗೆ. ಖಾಲಿ ಟ್ರೇಲರೇ 100 ಕೆಜಿ ಇದ್ದರೆ ಸೌದೆಗೆ ಉಳಿಯುವುದು 70 ಕೆಜಿ. ಎರಡು ತಲೆಹೊರೆ! ಇಷ್ಟಕ್ಕೆ ಲಕ್ಷಾಂತರ ರೂಪಾಯಿ ಕೊಡಬೇಕೇ ಎಂದು ನೀವೇ ಯೋಚಿಸಿ.

ಹಾಗೆಂದು ಎಟಿವಿ ಕೆಟ್ಟದ್ದಲ್ಲ. ಸಮತಟ್ಟು ಜಮೀನು, ಬಯಲುಸೀಮೆಯ ದೊಡ್ಡ ತೋಟ, ಬೇಲಿ ಸುತ್ತು, ಔಷಧಿ ಹೊಡೆಯುವ ಕೆಲಸ, ಡ್ರಿಪ್ ಲೈನ್ ನೋಡಿ ಬರುವುದು ಇವಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ದಪ್ಪ ಟೈರಿನಲ್ಲಿ 5ರಿಂದ 7 ಪಿಎಸ್‌ಐ ಗಾಳಿ ಮಾತ್ರ ಇರುವುದರಿಂದ ನೆಲವನ್ನು ತುಳಿದು ಗಟ್ಟಿ ಮಾಡುವುದಿಲ್ಲ. ಕೊಳ್ಳುವುದಾದರೆ ಬೆಲ್ಟ್ ಮೇಲೆ ಓಡುವುದೋ ಗೇರಿನ ಮೇಲೋ ಕೇಳಿ. ಬಹುಪಾಲು ಎಟಿವಿಗಳಲ್ಲಿ ಸ್ಕೂಟರಿನ ಹಾಗೆ ರಬ್ಬರ್ ಬೆಲ್ಟ್ ಇರುತ್ತದೆ. ಭಾರ ಎಳೆಯುವಾಗ ಲೋ ಗೇರಿಗೆ ಹಾಕದೆ ಓಡಿಸಿದರೆ ಬೆಲ್ಟ್ ಬಿಸಿಯಾಗಿ ಸುಟ್ಟುಹೋಗುತ್ತದೆ. ಹಳ್ಳ ದಾಟುವಾಗ ಬೆಲ್ಟಿನ ಡಬ್ಬಿಗೆ ನೀರು ನುಗ್ಗಿದರೆ ಜಾರುತ್ತದೆ. ಇನ್ನು, ಎಲ್ಲ ಎಟಿವಿಗೂ ರಸ್ತೆಗಿಳಿಯಲು ನೋಂದಣಿ ಸಿಗುವುದಿಲ್ಲ. ಪೊಲಾರಿಸ್ ತನ್ನ ಸ್ಪೋರ್ಟ್ಸ್‌ಮನ್ 570 ಗಾಡಿಯನ್ನು ಟ್ರ್ಯಾಕ್ಟರ್ ವರ್ಗದಲ್ಲಿ ನೋಂದಣಿ ಆಗುವಂತೆ ಭಾರತದಲ್ಲಿ ಬಿಟ್ಟದ್ದು ಈ ತೊಡಕಿಗೆ ಉತ್ತರವಾಗಿಯೇ. ನಿಮ್ಮ ಗುಡ್ಡಕ್ಕೂ ಮನೆಗೂ ನಡುವೆ ಊರ ರಸ್ತೆ ಇದ್ದರೆ ಆರ್‌ಸಿ ಆಗುತ್ತದೆಯೇ ಎಂದು ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ಪಲ್ಟಿಯ ಅಪಾಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಸ್ಟ್ರೇಲಿಯಾದ ಜಮೀನುಗಳಲ್ಲಿ ಎಟಿವಿ ಮಗುಚಿ ಸವಾರರು ಅಡಿಗೆ ಸಿಕ್ಕಿ ಸತ್ತ ಪ್ರಕರಣಗಳು ಎಷ್ಟಾದವೆಂದರೆ, 2021ರ ಅಕ್ಟೋಬರ್‌ನಿಂದ ಅಲ್ಲಿ ಜಮೀನು ಕೆಲಸದ ಹೊಸ ಎಟಿವಿಗಳಿಗೆ ಸವಾರನನ್ನು ಕಾಯುವ ಕಂಬಿ ಕಡ್ಡಾಯ ಮಾಡಿದರು. ನೀವು ಎಟಿವಿ ಕೊಂಡರೆ ಆ ಕಂಬಿ ಹಾಕಿಸಿ, ಮಕ್ಕಳ ಕೈಗೆ ಕೀಲಿ ಕೊಡಬೇಡಿ.

ಟಿಲ್ಲರ್: ಗೊತ್ತಿರಲೇಬೇಕಾದ ಒಂದು ಗುಣ

ಭತ್ತದ ಗದ್ದೆ ಇರುವ ಮನೆಗಳಲ್ಲಿ ಪವರ್ ಟಿಲ್ಲರ್ ಇದ್ದೇ ಇರುತ್ತದೆ. ಬೆಂಗಳೂರಿನ ವಿಎಸ್‌ಟಿ ಕಂಪನಿಯ 13 ಎಚ್‌ಪಿ ಟಿಲ್ಲರಿಗೆ ಬಿಡಿಭಾಗ ಸಿಗದ ತಾಲ್ಲೂಕು ಕಡಿಮೆ. ಡೀಸೆಲ್ ಕಡಿಮೆ ಕುಡಿಯುತ್ತದೆ, ಟ್ರೇಲರ್ ಸಿಗುತ್ತದೆ. ಸಮತಟ್ಟು ದಾರಿಗೆ ಇದಕ್ಕಿಂತ ಅಗ್ಗದ ಸಾಗಣೆ ಇಲ್ಲ.

ಆದರೆ ಟಿಲ್ಲರ್ ತಿರುಗುವುದು ಸ್ಟಿಯರಿಂಗ್ ಕ್ಲಚ್ಚಿನಿಂದ. ಬಲ ಹಿಡಿ ಒತ್ತಿದರೆ ಬಲ ಚಕ್ರಕ್ಕೆ ಎಂಜಿನ್ ಸಂಪರ್ಕ ತಪ್ಪುತ್ತದೆ. ಎಡ ಚಕ್ರ ಮಾತ್ರ ನೂಕುವುದರಿಂದ ಗಾಡಿ ಬಲಕ್ಕೆ ತಿರುಗುತ್ತದೆ. ಇದು ಸಮತಟ್ಟಿನ ಮಾತು. ಹೊರೆ ತುಂಬಿ ಇಳಿಯುವಾಗ ಎಂಜಿನ್ ಚಕ್ರವನ್ನು ನೂಕುತ್ತಿರುವುದಿಲ್ಲ, ತಡೆಯುತ್ತಿರುತ್ತದೆ. ಆಗ ಬಲ ಹಿಡಿ ಒತ್ತಿದರೆ ಬಲ ಚಕ್ರ ತಡೆ ತಪ್ಪಿ ಜೋರಾಗಿ ಉರುಳುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಬಲಕ್ಕೆ ಹೋಗಬೇಕಾದವನು ಎಡದ ಕಂದಕಕ್ಕೆ ಹೋಗುವುದು ಹೀಗೆ. ಅನುಭವ ಇದ್ದವರು ಇಳಿಯುವಾಗ ಕ್ಲಚ್ ಮುಟ್ಟದೆ ಹ್ಯಾಂಡಲ್ ತಳ್ಳಿಯೇ ತಿರುಗಿಸುತ್ತಾರೆ. ಹೊಸ ಕೆಲಸದವರ ಕೈಗೆ ಟಿಲ್ಲರ್ ಕೊಡುವ ಮೊದಲು ಇದನ್ನು ಖಾಲಿ ಗಾಡಿಯಲ್ಲಿ, ಸಣ್ಣ ಇಳಿಜಾರಿನಲ್ಲಿ ತೋರಿಸಿಕೊಡಿ. ಕಡಿದಾದ ಗುಡ್ಡದ ಸೌದೆಗೆ ಮಾತ್ರ ನಾನು ಟಿಲ್ಲರ್ ಶಿಫಾರಸು ಮಾಡುವುದಿಲ್ಲ.

ತೋಟದ ಒಳಗೆ ಎಂಜಿನ್ ಕೂರಿಸಿದ ಕೈಗಾಡಿ ಸಾಕು. ಕಣಿವೆ ತೋಟಗಳಲ್ಲಿ ಸಾಲಿನ ನಡುವೆ ಬಸಿಗಾಲುವೆ ಇರುತ್ತದೆ. 9 ಅಡಿ ಅಂತರದ ಮರಗಳ ನಡುವೆ ದೊಡ್ಡ ಗಾಡಿ ನುಗ್ಗಿಸಿದರೆ ಅಡಿಕೆಯ ಮೇಲ್ಬೇರಿಗೆ ಪೆಟ್ಟು.

ಮಿನಿ ಟ್ರ್ಯಾಕ್ಟರ್ ಮತ್ತು ಜೀಪು

ನಾಲ್ಕೈದು ಎಕರೆ ತೋಟ, ಸ್ವಲ್ಪ ಗುಡ್ಡ ಇರುವ ಮನೆಗೆ ನಾನಾದರೆ 20ರಿಂದ 27 ಎಚ್‌ಪಿಯ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಸಂಪರ್ಕ ಇರುವ) ಮಿನಿ ಟ್ರ್ಯಾಕ್ಟರನ್ನೇ ಮೊದಲು ನೋಡುತ್ತೇನೆ. ಕುಬೋಟಾ ನಿಯೋಸ್ಟಾರ್, ಮಹೀಂದ್ರಾ ಜೀವೋ, ವಿಎಸ್‌ಟಿ ಹೀಗೆ ಆಯ್ಕೆಗಳಿವೆ. ಎಚ್‌ಪಿ ಇವುಗಳಲ್ಲಿ ಸಾಕಷ್ಟಿದೆ. ನೋಡಬೇಕಾದದ್ದು ಬೇರೆ.

ಫೋರ್ ವೀಲ್ ಇರಲೇಬೇಕು, ಅದೂ ಇಳಿಯಲಿಕ್ಕೆ. ಟ್ರ್ಯಾಕ್ಟರಿನ ಬ್ರೇಕ್ ಸಾಮಾನ್ಯವಾಗಿ ಹಿಂಚಕ್ರಕ್ಕೆ ಮಾತ್ರ. ಫೋರ್ ವೀಲ್ ಹಾಕಿ ಲೋ ಗೇರಿನಲ್ಲಿ ಇಳಿದರೆ ಮುಂಚಕ್ರವೂ ಎಂಜಿನ್ನಿನ ತಡೆಯಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಎಷ್ಟೋ ಜನ ಏರಲು ಫೋರ್ ವೀಲ್ ಹಾಕಿ, ಮೇಲೆ ಹೋಗಿ ತೆಗೆದು, ತುಂಬಿಕೊಂಡು ಟೂ ವೀಲಿನಲ್ಲಿ ಇಳಿಯುತ್ತಾರೆ. ಸರಿಯಾಗಿ ಉಲ್ಟಾ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವ ಅಭ್ಯಾಸವಂತೂ ಜೀವಕ್ಕೇ ಕುತ್ತು. ಎಡ, ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಸೇರಿಸಿಕೊಂಡೇ ಇಳಿಯಬೇಕು.

ಟ್ರ್ಯಾಕ್ಟರಿನ ಇನ್ನೊಂದು ಅನುಕೂಲ ಹಿಂದಿನ ತ್ರೀ ಪಾಯಿಂಟ್ ಲಿಫ್ಟ್. ಇವುಗಳ ಎತ್ತುವ ಸಾಮರ್ಥ್ಯ ಹಲವು ಮಾದರಿಗಳಲ್ಲಿ 750 ಕೆಜಿ. ಅಲ್ಲಿಗೆ ಕಬ್ಬಿಣದ ಒಂದು ಪೆಟ್ಟಿಗೆ ಮಾಡಿಸಿ ಎರಡೂವರೆ ಕ್ವಿಂಟಾಲ್ ಸೌದೆ ಹೇರಿದರೆ, ಭಾರ ಗಾಡಿಯ ಮೇಲೆಯೇ, ಬ್ರೇಕ್ ಇರುವ ಹಿಂಚಕ್ರದ ಮೇಲೆಯೇ ಬೀಳುತ್ತದೆ. ಮುಂದೆ ತೂಕದ ಕಲ್ಲು ಕಟ್ಟಲು ಮರೆಯಬೇಡಿ. ಇಲ್ಲದಿದ್ದರೆ ಮೂತಿ ಎದ್ದು ಸ್ಟಿಯರಿಂಗ್ ಕೇಳುವುದಿಲ್ಲ. ಕಡಿದಾದ, ಇಕ್ಕಟ್ಟಾದ ದಾರಿಗೆ ಟ್ರೇಲರಿಗಿಂತ ಈ ಪೆಟ್ಟಿಗೆ ಎಷ್ಟೋ ವಾಸಿ.

ಇಡೀ ದಿಮ್ಮಿಯನ್ನು ನೆಲದ ಮೇಲೆ ಎಳೆದು ತರುವುದಾದರೆ ಸರಪಳಿಯನ್ನು ಕೆಳಗಿನ ಡ್ರಾಬಾರಿಗೆ (ಟ್ರ್ಯಾಕ್ಟರಿನ ಹಿಂದೆ ಎಳೆಯಲೆಂದೇ ಇರುವ ಕಬ್ಬಿಣದ ಪಟ್ಟಿಗೆ) ಮಾತ್ರ ಕಟ್ಟಿ. ಹಿಂದಿನ ಅಚ್ಚಿಗಿಂತ ಮೇಲೆ ಎಲ್ಲಿ ಕಟ್ಟಿದರೂ, ದಿಮ್ಮಿ ಬೇರಿಗೆ ಸಿಕ್ಕಿಕೊಂಡ ಗಳಿಗೆಯಲ್ಲಿ ಟ್ರ್ಯಾಕ್ಟರ್ ಮುಂದಿನಿಂದ ಎದ್ದು ಹಿಂದಕ್ಕೆ ಮಗುಚುತ್ತದೆ. ಇಳಿದು ಓಡಲು ಸಮಯವೇ ಸಿಗುವುದಿಲ್ಲ. ಸೀಟಿನ ಹಿಂದೆ ಕಂಬಿ ಇರುವ ಮಾದರಿಯನ್ನೇ ಕೇಳಿ, ಬೆಲ್ಟ್ ಕೊಟ್ಟಿದ್ದರೆ ಹಾಕಿಕೊಳ್ಳಿ.

ಗುಡ್ಡ ದೂರ, ಪೇಟೆಗೂ ಅದೇ ಗಾಡಿ ಹೋಗಬೇಕು, ಮನೆಯವರನ್ನು ಆಸ್ಪತ್ರೆಗೂ ಕರೆದೊಯ್ಯಬೇಕು ಎಂದಾದರೆ ಫೋರ್ ವೀಲ್ ಪಿಕಪ್ ಅಥವಾ ಹಳೆ ಜೀಪು. ಮಹೀಂದ್ರಾ 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದ್ದು. ಅದೇ ವಂಶದ ಎಂಎಂ 540, ಮೇಜರ್ ಮುಂತಾದವು ಮಲೆನಾಡಿನ ಎಸ್ಟೇಟುಗಳಲ್ಲಿ ನೆಲೆಯೂರಿದವು. ಹಳೆಯದನ್ನು ಕೊಳ್ಳುವಾಗ ಬಣ್ಣ, ಸೀಟು ನೋಡಬೇಡಿ. ಅಡಿಗೆ ಮಲಗಿ ಚಾಸಿ ನೋಡಿ. ಮಲೆನಾಡಿನ ಮಳೆಗೆ ಮೊದಲು ತುಕ್ಕು ಹಿಡಿಯುವುದು ಅಲ್ಲೇ. ಫೋರ್ ವೀಲ್ ಲೋ ನಿಜಕ್ಕೂ ಬೀಳುತ್ತದೆಯೇ ಎಂದು ಏರಿನಲ್ಲಿ ಹಾಕಿಸಿ ನೋಡಿ. ಎಷ್ಟೋ ಗಾಡಿಗಳಲ್ಲಿ ಲಿವರ್ ಇರುತ್ತದೆ, ಒಳಗೆ ಏನೂ ಆಗುವುದಿಲ್ಲ. ಸ್ಪ್ರಿಂಗಿಗೆ ಪ್ಲೇಟು ಸೇರಿಸಿದ್ದಾರೆಯೇ, ಹ್ಯಾಂಡ್ ಬ್ರೇಕ್ ನಿಲ್ಲಿಸುತ್ತದೆಯೇ ನೋಡಿ. 15 ವರ್ಷ ದಾಟಿದ ಖಾಸಗಿ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಕಾಗದ ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ.

ನಂಬಿಕೆ ಎಂದರೆ ಬಿಡಿಭಾಗ

ಗಾಡಿ ಎಷ್ಟೇ ಗಟ್ಟಿ ಇರಲಿ, ಒಂದಲ್ಲ ಒಂದು ದಿನ ಕೆಡುತ್ತದೆ. ಕೆಟ್ಟ ದಿನ ಎಷ್ಟು ಬೇಗ ಎದ್ದು ನಿಲ್ಲುತ್ತದೆ ಎನ್ನುವುದೇ ನಂಬಿಕೆ. ಷೋರೂಮಿಗೆ ಹೋಗುವ ಮೊದಲು ನಿಮ್ಮ ಹತ್ತಿರದ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ. ಈ ಮಾದರಿಯ ಕ್ಲಚ್ ಪ್ಲೇಟ್, ಆಯಿಲ್ ಫಿಲ್ಟರ್, ವಾಟರ್ ಪಂಪ್, ಮುಂದಿನ ಅಚ್ಚಿನ ಸೀಲು ಇದೆಯೇ ಕೇಳಿ. ತರಿಸಿಕೊಡುತ್ತೇವೆ ಎಂದರೆ ಎಷ್ಟು ದಿನಕ್ಕೆ ಎಂದು ಕೇಳಿ. ಊರಿನ ಮೆಕ್ಯಾನಿಕ್ ಈ ಎಂಜಿನ್ ಬಿಚ್ಚಿದ್ದಾರೆಯೇ ಎಂದು ಅವರನ್ನೇ ವಿಚಾರಿಸಿ. ಅವರ ಮಾತಿಗೆ ಷೋರೂಮಿನವರ ಮಾತಿಗಿಂತ ಜಾಸ್ತಿ ಬೆಲೆ ಕೊಡಿ.

ಇನ್ನೊಂದು ದಾರಿಯನ್ನು ನಮ್ಮ ರೈತರು ಬಳಸುವುದೇ ಅಪರೂಪ. ಕೇಂದ್ರ ಕೃಷಿ ಇಲಾಖೆಯ ಯಂತ್ರ ಪರೀಕ್ಷಾ ಸಂಸ್ಥೆಗಳು ಮಧ್ಯಪ್ರದೇಶದ ಬುದ್ನಿಯಲ್ಲಿ, ಆಂಧ್ರದ ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿ ಇವೆ. ಟ್ರ್ಯಾಕ್ಟರ್, ಟಿಲ್ಲರುಗಳನ್ನು ಅಲ್ಲಿ ಪರೀಕ್ಷಿಸಿ ವರದಿ ಕೊಡುತ್ತಾರೆ. ಎಂಜಿನ್ ಎಚ್‌ಪಿ ಎಷ್ಟೇ ಬರೆದಿರಲಿ, ಡ್ರಾಬಾರಿನಲ್ಲಿ ನಿಜವಾಗಿ ಎಷ್ಟು ಎಳೆಯಿತು, ಬ್ರೇಕ್ ಹೇಗೆ ಹಿಡಿಯಿತು, ಗಾಡಿಯ ತೂಕ ಎಷ್ಟು ಎಂಬುದೆಲ್ಲ ಆ ವರದಿಯಲ್ಲಿರುತ್ತದೆ. ಮಾರಾಟಗಾರರನ್ನು ಆ ವರದಿ ತೋರಿಸಿ ಎಂದು ಕೇಳಿ. ಸಹಾಯಧನಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಆದರೆ ಸಹಾಯಧನ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ನಿಮ್ಮ ಗುಡ್ಡಕ್ಕೆ ಹೊಂದದ ಮಾದರಿ ತರಬೇಡಿ. ವರ್ಷಕ್ಕೆ ಹತ್ತು ದಿನದ ಕೆಲಸವಾದರೆ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ಪಕ್ಕದ ಮನೆಯವರಿಂದಲೋ ಬಾಡಿಗೆಗೆ ತರುವುದೇ ಲಾಭ.

ಕಡಿಯುವ ಮರಕ್ಕೂ ಕಾನೂನು ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಹಲವು ಜಾತಿಯ ಮರಗಳನ್ನು ಸ್ವಂತ ಜಮೀನಿನಲ್ಲೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಸೌದೆ ಊರ ರಸ್ತೆ ದಾಟುವುದಾದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡೇ ಲೋಡ್ ಮಾಡಿ.

ಕೊನೆಯದಾಗಿ ಡೆಮೊ. ಕಂಪನಿಯವರು ಗಾಡಿ ತಂದು ಏರು ಹತ್ತಿಸಿ ತೋರಿಸುತ್ತಾರೆ. ನೀವು ಸೌದೆ ಹೇರಿಸಿ, ನಿಮ್ಮದೇ ದಾರಿಯಲ್ಲಿ ಇಳಿಸಲು ಹೇಳಿ. ಮೊದಲು ಒಂದು ಕ್ವಿಂಟಾಲ್, ಆಮೇಲೆ ಎರಡು. ದಬ್ಬೆ ಇಟ್ಟು ಅಳೆದ ಆ ಕಡಿದಾದ ಜಾಗಕ್ಕೆ ಮೊದಲೇ ನಿಲ್ಲಿಸಲು ಹೇಳಿ, ಆಮೇಲೆ ಲೋ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯುತ್ತದೆಯೇ ನೋಡಿ. ವೇಗ ಏರುತ್ತಾ ಹೋದರೆ, ಚಕ್ರ ಜಾರಿದ ಗೀರು ಮಣ್ಣಿನಲ್ಲಿ ಕಂಡರೆ, ಆ ಗಾಡಿ ಆ ಭಾರಕ್ಕೆ ಅಲ್ಲ. ಇದಕ್ಕೆ ಒಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ.